ಗುಡ್ಡ ಹತ್ತಿಸಿದ ದನಿ

"ಮೇಡಂ, ನೀವು ರೇಷ್ಮೆ ಸೀರೆ ಮಾರ್ತಾ ಇಲ್ಲ. ಸಮುದ್ರ ಮೇಲೆ ಬರ್ತಾ ಇದೆ ಅಂತ ಹೇಳ್ತಾ ಇದೀರ."

ಗಾಜಿನಾಚೆ ಕುಳಿತಿದ್ದ ಭೀಮೇಶನ ಮಾತಿಗೆ ತನ್ಮಯಿಯ ಕಿವಿ ಬಿಸಿಯಾಯಿತು. ಏಳು ವರ್ಷದಿಂದ ಬೆಂಗಳೂರಿನ ಅರ್ಧ ಅಂಗಡಿಗಳ ಜಾಹೀರಾತಿಗೆ ದನಿ ಕೊಟ್ಟವಳಿಗೆ ಮೊದಲ ಭೇಟಿಯಲ್ಲೇ ಪಾಠ ಹೇಳಲು ಇವನ್ಯಾರು?

ಜೋಗುಪಾಳ್ಯದ ಬೇಕರಿಯೊಂದರ ಮಹಡಿಯ ಮೇಲಿನ ಪುಟ್ಟ ಸ್ಟುಡಿಯೋ ಅದು. ಉತ್ತರ ಕನ್ನಡದ ಒಂದು ಮೀನುಗಾರರ ಊರಿಗೆ ಸುನಾಮಿ ಸೈರನ್ ಕೂರಿಸುವ ಕೆಲಸ ಭೀಮೇಶನದು. ಸೈರನ್ ಕೂಗಿದ ಮೇಲೆ ಮೈಕಿನಲ್ಲಿ ಕೇಳಬೇಕಾದ ಮಾತುಗಳನ್ನು ತನ್ಮಯಿ ಓದಬೇಕಿತ್ತು.

"ಹಾಗಾದ್ರೆ ಕಿರುಚ್ಲಾ?"

"ಬೇಡ. ಕಿರುಚಿದ್ರೆ ಜನ ದಿಕ್ಕಾಪಾಲಾಗ್ತಾರೆ. ಹಾಲು ಉಕ್ಕೋವಾಗ ಅಮ್ಮ ಒಳಗಿಂದ ಕರೀತಾರಲ್ಲ... ಹಂಗೆ."

ಹದಿನಾಲ್ಕನೇ ಸಲಕ್ಕೆ ಆ ದನಿ ಬಂತು. "ಎಲ್ಲರೂ ಈಗಲೇ ಗುಡ್ಡ ಹತ್ತಿ. ದೋಣಿ, ಬಲೆ ಬಿಟ್ಟುಬಿಡಿ." ಭೀಮೇಶ್ ಕಣ್ಣು ಮುಚ್ಚಿ ಕೇಳಿ ತಲೆದೂಗಿದ. ಆ ಕ್ಷಣಕ್ಕೆ ಅವಳ ಸಿಟ್ಟು ಎಲ್ಲಿ ಹೋಯಿತೋ!

ಮೂರು ವಾರ ಕೆಲಸ ನಡೆಯಿತು. ಕೆಲಸ ಮುಗಿದ ಮೇಲೆ ಕೆಳಗಿನ ಬೇಕರಿಯಲ್ಲಿ ಚಹಾ, ಬನ್ನು. ಆಮೇಲೆ ಅವನ ಬೈಕು. ಕೆ.ಆರ್. ಪುರಕ್ಕೆ ಹೋಗುವವನಿಗೆ ಅವಳ ಹಲಸೂರಿನ ಮನೆ ದಾರಿಯಲ್ಲೇ ಸಿಗುತ್ತದಂತೆ. ಅದು ತದ್ವಿರುದ್ಧ ದಿಕ್ಕು ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ತೆಪ್ಪಗಿದ್ದಳು.

ಉಳಿದಿದ್ದು ಕೊನೆಯ ಘೋಷಣೆ ಒಂದೇ: "ಅಪಾಯ ಕಳೆದಿದೆ, ಮನೆಗೆ ಹೋಗಬಹುದು."

"ಇದನ್ನ ನೀವು ಓದೋದು ಬೇಡ. ವಾಜಿದಾ ಅಂತ ಇನ್ನೊಬ್ರು ಓದ್ತಾರೆ," ಎಂದ ಭೀಮೇಶ್.

'ಕೆಟ್ಟ ಸುದ್ದಿಗೆಲ್ಲ ನಾನು, ಒಳ್ಳೆಯ ಮಾತಿಗೆ ಇನ್ನೊಬ್ಬಳಾ?' ಮೂಗಿನ ತುದಿಯ ಕೋಪ ತನ್ಮಯಿಗೆ ತಾಯಿ ಜಲಜಾರಿಂದ ಬಂದ ಬಳುವಳಿ. ಬ್ಯಾಗೆತ್ತಿಕೊಂಡು ಹೊರಟೇಬಿಟ್ಟಳು. ಎರಡು ವಾರ ಅವನ ಫೋನು ಎತ್ತಲಿಲ್ಲ. 'ಸೈರನ್ ಕೂರ್ಸೋಕೆ ಆ ಊರಿಗೆ ಹೊರಟಿದೀನಿ' ಎಂಬ ಮೆಸೇಜನ್ನು ಮಾತ್ರ ನಾಲ್ಕು ಸಲ ಓದಿದಳು, ಉತ್ತರ ಬರೆಯಲಿಲ್ಲ.

ಆ ಮೆಸೇಜು ಬಂದ ಮೂರನೇ ದಿನ ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ಬಂತು. ಅರಬ್ಬಿ ಸಮುದ್ರದಲ್ಲಿ ಭೂಕಂಪ, ಕರಾವಳಿಗೆ ಸುನಾಮಿ ಎಚ್ಚರಿಕೆ.

ತನ್ಮಯಿ ಫೋನು ಮಾಡಿದಳು. ಮತ್ತೆ ಮಾಡಿದಳು. ಲೈನು ಸಿಗಲೇ ಇಲ್ಲ. 'ದೇವರೇ, ನನ್ನ ಕೋಪಕ್ಕೆ ಬೆಂಕಿ ಬೀಳಲಿ. ಅವನೊಬ್ಬ ಚೆನ್ನಾಗಿರಲಿ...'

ಹತ್ತೂವರೆಗೆ ಅವನೇ ಮಾಡಿದ.

"ಎಲ್ಲಿದೀರ?"

"ಗುಡ್ಡದ ಮೇಲೆ. ನಿನ್ನ ದನಿ ಕೇಳಿ ಇಡೀ ಊರೇ ಹತ್ತಿ ಬಂತು ತನ್ಮಯಿ. ಆದ್ರೆ ಮೊದಲ್ನೇ ಅಲೆ ಮೊಣಕಾಲುದ್ದ ಬಂದು ವಾಪಸ್ ಹೋಯ್ತು. ಇಷ್ಟೇನಾ ಅಂತ ಗಂಡಸ್ರೆಲ್ಲ ದೋಣಿ ನೋಡೋಕೆ ಇಳೀತಾ ಇದಾರೆ. ನನ್ನ ಮಾತು ಯಾರೂ ಕೇಳ್ತಿಲ್ಲ. ಫೋನನ್ನ ಮೈಕಿಗೆ ಹಿಡೀತೀನಿ, ನೀನು ಹೇಳು. ಅವರು ನಿಲ್ದೇ ಇದ್ರೆ ನಾನೂ ಹಿಂದೆ ಹೋಗಿ ಎಳ್ಕೊಂಡು ಬರ್ಬೇಕಾಗುತ್ತೆ."

ಅವಳೆದುರು ಬರೆದಿಟ್ಟ ಹಾಳೆ ಇರಲಿಲ್ಲ.

"ಅಣ್ಣಂದಿರಾ, ನಿಲ್ಲಿ. ಮೊದಲ್ನೇ ಅಲೆ ಚಿಕ್ಕದು ಅಂತ ನಂಬ್ಬೇಡಿ, ಹಿಂದೆ ಬರೋದು ದೊಡ್ಡದಿರ್ಬೋದು. ಅಪಾಯ ಕಳೀತು ಅಂತ ಸರ್ಕಾರದೋರು ಹೇಳೋ ತನಕ ಯಾರೂ ಇಳೀಬೇಡಿ..." ಅಲ್ಲಿಗೆ ಅವಳ ದನಿ ಒಡೆಯಿತು. "ಅಲ್ಲಿ ಮೈಕ್ ಹಿಡ್ಕೊಂಡು ನಿಂತಿದಾರಲ್ಲ, ಅವರು ನಂಗೆ ಬೇಕು. ನೀವು ಇಳಿದ್ರೆ ಅವರೂ ನಿಮ್ಮ ಹಿಂದೆ ಇಳೀತಾರೆ. ದಯವಿಟ್ಟು ಅವರನ್ನ ನಂಗೆ ಉಳಿಸ್ಕೊಡಿ."

ಆ ಕಡೆಯಿಂದ ಯಾವುದೋ ಅಜ್ಜಿಯ ಗದರಿಕೆ ಕೇಳಿಸಿತು. "ಕೂತ್ಕಣ್ರೋ ಎಲ್ಲ. ಹುಡುಗಿ ಅಳ್ತಾ ಇದೆ."

ಜನ ಕುಳಿತರು.

ಕಾಲು ಗಂಟೆಗೆ ಎರಡನೆಯ ಅಲೆ ಬಂತು. ಅದರ ಮೊರೆತ ಫೋನಿನಲ್ಲೇ ಕೇಳಿಸಿತು. ಸಾಲಾಗಿ ಕಟ್ಟಿದ್ದ ದೋಣಿಗಳು ಪುಡಿಯಾದವು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಎಲ್ರೂ ಇದಾರಾ?"

"ಎಲ್ರೂ ಇದಾರೆ. ನಾನೂ ಇದೀನಿ."

ತನ್ಮಯಿ ಗೋಡೆಗೊರಗಿ ಕುಸಿದು ಕುಳಿತು ಮನಸಾರೆ ಅತ್ತಳು. ಜಲಜಾ ಟಿವಿ ಆರಿಸಿ, ಮಗಳ ತಲೆಯನ್ನು ಮಡಿಲಿಗೆಳೆದುಕೊಂಡರು.

ಮಧ್ಯಾಹ್ನ ಮೂರಕ್ಕೆ ಮತ್ತೆ ಫೋನು ಬಂತು. ಹಿಂದಿನಿಂದ ವಾಜಿದಾಳ ತಣ್ಣನೆಯ ದನಿ ಕೇಳುತ್ತಿತ್ತು, ಅಪಾಯ ಕಳೆದಿದೆ ಎಂದು.

"ಕೇಳಿಸ್ತಾ? ಹತ್ತಿ ಅನ್ನೋ ದನೀಲೇ ಇಳೀರಿ ಅಂದ್ರೆ ಅರ್ಧಂಬರ್ಧ ಕೇಳ್ದೋರು ಗೊಂದಲಕ್ಕೆ ಬೀಳ್ತಾರೆ. ಅದಕ್ಕೇ ಬೇರೆಯವರು," ಎಂದ ಭೀಮೇಶ್.

"ಅವತ್ತೇ ಹೇಳ್ಬಾರ್ದಿತ್ತಾ?"

"ಹೇಳೋಣ ಅಂತ ಮೆಟ್ಟಿಲಿಳಿದು ಓಡಿ ಬಂದೆ. ನೀವು ಆಟೋ ಹತ್ತಿ ಆಗಿತ್ತು. ಆಮೇಲೆ ಫೋನೂ ಎತ್ತಲಿಲ್ಲ."

ಅವಳಿಗೆ ನಗು ಬಂತು. "ಬೆಳಿಗ್ಗೆ 'ನೀನು' ಅಂದ್ರಿ. ಈಗ್ಯಾಕೆ 'ನೀವು'?"

"ಆವಾಗ ಭಯ ಆಗಿತ್ತು."

"ಈಗ?"

"ಈಗ ಇನ್ನೂ ಜಾಸ್ತಿ. ನಿಮ್ಮಮ್ಮನ್ನ ಏನಂತ ಕೇಳೋದು ಅಂತ."

ಜಲಜಾ ಫೋನು ಕಿತ್ತುಕೊಂಡರು. "ಕೇಳೋಕೆ ಇನ್ನೇನು ಉಳಿದಿದೆಯಪ್ಪಾ? ಇವಳು ಊರಿಗೆಲ್ಲ ಹೇಳಾಯ್ತು. ಮೊದ್ಲು ಊಟ ಮಾಡು."

ಫೋನು ಮತ್ತೆ ತನ್ಮಯಿಯ ಕೈಗೆ ಬಂತು.

"ನಾಳೆ ಬರ್ತೀನಿ," ಎಂದ ಮೆಲ್ಲಗೆ.

"ಬಾ," ಎಂದಳು ಅವಳು.