ಗಂಜಿ ಬಡಿಸಿದ ಪುಟ

ಪ್ರೇಮ ಕಥೆ ಬರೆಯಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಹಗಲು ಪುಸ್ತಕ ಹೊಲಿದು, ಸಂಜೆ ಕಾಲೇಜಿನಲ್ಲಿ ಹೇಗೋ ಬಿ.ಎ. ಮುಗಿಸಿದವನು ನಾನು, ಖಲೀಲ. ಪುಸ್ತಕದ ಬೆನ್ನಿಗೆ ಅಂಟು ಹಚ್ಚುವುದು ಗೊತ್ತು. ಒಳಗೆ ಬರೆಯುವುದು ಗೊತ್ತಿಲ್ಲ. ತಪ್ಪಿದ್ದರೆ ಕ್ಷಮಿಸಿ. ಆದರೆ ಕೈನಾತಳ ಬಗ್ಗೆ ಶಿರಹಟ್ಟಿಯಲ್ಲಿ ಏನೇನೋ ಮಾತು ಓಡಾಡುತ್ತಿವೆ. ನಾನು ಕಂಡದ್ದನ್ನು ನಾನೇ ಹೇಳಿಬಿಡುವುದು ಒಳ್ಳೆಯದು ಅನಿಸಿತು. ನಮ್ಮ ಮನೆಗಳಲ್ಲಿ ಅರ್ಧ ಮಾತು ಉರ್ದುವಿನಲ್ಲಿ ನಡೆಯುತ್ತದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಗದಗ-ಬೆಟಗೇರಿಯ ನಜೀರಸಾಬ ಚಾಚಾರ ಬೈಂಡಿಂಗ್ ಅಂಗಡಿಯಲ್ಲಿ ನನಗೆ ಕೆಲಸ. ಕಳೆದ ವರ್ಷ ಅಲ್ಲಿಗೆ ಒಂದು ದಪ್ಪ ಸಂಕಲನ ಬಂತು, ಕರಾವಳಿಯ ಹಳೆಯ ದೆವ್ವದ ಕಥೆಗಳದು. ಹದಿನಾರು ಪುಟಗಳ ಫಾರ್ಮುಗಳನ್ನು ಮಡಚಿ, ಮೇಜಿನ ಮೇಲೆ ಸಾಲಾಗಿ ಗುಡ್ಡೆ ಹಾಕಿ, ನಾವು ಮೇಜು ಸುತ್ತುತ್ತ ಒಂದೊಂದನ್ನೇ ಎತ್ತಿ ಜೋಡಿಸುತ್ತೇವೆ. ಆ ಸುತ್ತಿನಲ್ಲಿ ಯಾರದೋ ಕೈ ತಪ್ಪಿತು. ಕೆಲವು ಪ್ರತಿಗಳಲ್ಲಿ ಒಂದು ಫಾರ್ಮಿನ ಜಾಗದಲ್ಲಿ ಮತ್ತೊಂದು ಕೂತುಬಿಟ್ಟಿತು.

ಪ್ರಕಾಶಕರು ಫೋನಿನಲ್ಲಿ ಕೂಗಾಡಿ, ಪುಸ್ತಕ ತರಿಸಿಕೊಂಡವರ ವಿಳಾಸ ಕಳಿಸಿದರು. ‘ಸರಿ ಪ್ರತಿ ಕೊಟ್ಟು ತಪ್ಪು ಪ್ರತಿ ತಗೊಂಡ ಬಾ’ ಎಂದು ಚಾಚಾ ನನ್ನನ್ನು ಬಸ್ಸು ಹತ್ತಿಸಿದರು.

ಲಕ್ಷ್ಮೇಶ್ವರದ ಜಯತೀರ್ಥ ಮಾಸ್ತರರು ಖುಷಿಯಿಂದ ಬದಲಿಸಿಕೊಂಡರು. ‘ನಮ್ಮ ದೆವ್ವ ಅರ್ಧಕ್ಕ ಓಡಿ ಹೋಗಿತ್ತಪಾ, ಛಲೋ ಆತು ಹಿಡಕೊಂಡ ಬಂದಿ’ ಎಂದರು.

ಅಲ್ಲಿಂದ ಶಿರಹಟ್ಟಿಗೆ ಹೋದೆ. ಹೊಲಿಗೆ ಯಂತ್ರದ ಸದ್ದು ಬರುತ್ತಿದ್ದ ಮನೆಯ ಬಾಗಿಲು ತಟ್ಟಿದೆ. ಸದ್ದು ನಿಂತಿತು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಒಬ್ಬಳು ಬಾಗಿಲು ತೆರೆದಳು. ಸೂಜಿ ತೆಗೆದು ಕೇಳಿದಳು:

‘ಮುಂಡರಗಿಯಿಂದ ಬಂದೀರಿ?’

ನಾನು ತೊದಲಿದೆ. ಅವಳು ಕಾಯಲಿಲ್ಲ.

‘ನಾ ಒಲ್ಲೆ ಅಂತ ಹೇಳ್ರಿ ಅವ್ರಿಗೆ. ಮಷೀನ್ ಮಾರಂಗಿಲ್ಲ, ಪುಸ್ತಕ ಬಿಡಂಗಿಲ್ಲ, ಲಗ್ನನೂ ಆಗಂಗಿಲ್ಲ.’

‘ನಾ… ಗದಗದಿಂದ ಬಂದೀನ್ರಿ. ಬೈಂಡಿಂಗ್ ಅಂಗಡ್ಯಾಂವ.’

ಅವಳ ಕಣ್ಣು ಮೊದಲು ನಕ್ಕವು. ತುಟಿಗೆ ಆ ಸುದ್ದಿ ತಡವಾಗಿ ಮುಟ್ಟಿತು.

ಕೈನಾತ ತಾನೇ ಖುಲಾ ಕೇಳಿ, ವಿಚ್ಛೇದನ ಪಡೆದು, ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದವಳು, ಈಗ ಮುಂಡರಗಿಯಿಂದ ಮತ್ತೊಂದು ಸಂಬಂಧ ಬಂದಿದೆ ಎಂಬುದು ಆಮೇಲೆ ತಿಳಿಯಿತು. ಆ ದಿನ ನನಗೆ ಕಂಡದ್ದು ಯಂತ್ರದ ಹಿಂದಿನ ಕಪಾಟು ಮಾತ್ರ. ಅದರ ತುಂಬ ಕರಾವಳಿಯ ದೆವ್ವಗಳ ಸಂಕಲನಗಳೇ.

‘ಇಷ್ಟೊಂದು ದೆವ್ವ ಯಾಕ್ರಿ?’

‘ಗಂಡನ್ನ ಬಿಟ್ಟು ಬಂದಾಕಿ ಅಂತ ಓಣ್ಯಾಗ ನನಗ ದೆವ್ವ ಅಂತಾರ. ಸಮುದ್ರದ ಕಡೆ ನಮ್ಮ ಮಂದಿ ಹೆಂಗ ಅದಾರ ನೋಡೂಣಂತ ತರಸೀನಿ.’

ನಾನು ಸರಿ ಪ್ರತಿ ಮುಂದೆ ಚಾಚಿದೆ. ಅವಳು ತನ್ನ ಪ್ರತಿಯನ್ನು ಎದೆಗೆ ಒತ್ತಿಕೊಂಡಳು.

‘ಎಲ್ಲಾ ಪುಸ್ತಕದಾಗೂ ಒಂದ ಗತಿ. ದೆವ್ವ ಆದಾಕಿ ಬಂದು ಬಾಗಿಲಾ ಬಡೀತಾಳ. ಒಳಗಿನಾಂವ ಚೀರತಾನ. ಮಂತ್ರವಾದಿ ಬಂದು ನೆತ್ತಿಗೆ ಮೊಳಿ ಹೊಡದು ಗಿಡಕ್ಕ ಕಟ್ಟತಾನ. ಇದೊಂದು ನೋಡ್ರಿ.’

ಅವಳು ತೋರಿಸಿದ ಪುಟದ ಕೊನೆಯ ಸಾಲು ಹೀಗಿತ್ತು: ‘ನದಿ ಕಡಲು ಸೇರುವ ಅಳಿವೆಯ ಕಡೆಯಿಂದ ಬಂದ ಆ ಹೆಂಗಸು ಮತ್ತೆ ಬಾಗಿಲು ತಟ್ಟಿದಳು. ಅವನು ನಡುಗುತ್ತ ಅಗುಳಿ ತೆಗೆದು’. ಎದುರು ಪುಟದಿಂದ ತಪ್ಪು ಫಾರ್ಮು ಶುರು. ಅದು ಯಾವುದೋ ದೋಣಿಯವನ ಕಥೆಯ ಬಾಲ: ‘ದೂರದಿಂದ ಬಂದಿದ್ದೀರಿ, ಕುಳಿತುಕೊಳ್ಳಿ ಎಂದು ಚಾಪೆ ಹಾಸಿದ. ಬಿಸಿ ಗಂಜಿ ಬಡಿಸಿ ದೀಪವನ್ನು ಹತ್ತಿರಕ್ಕೆ ಸರಿಸಿದ.’

ಅಷ್ಟಕ್ಕೆ ಕಥೆ ಮುಗಿದು, ಕೆಳಗೆ ಬೇರೆ ಕಥೆಯ ಹೆಸರು.

‘ಇದು ತಪ್ಪು ಪುಸ್ತಕರಿ’ ಎಂದೆ.

‘ಅಕಿಗೆ ಕುಂಡ್ರು ಅಂದಿದ್ದು ಇದೊಂದ ಪುಸ್ತಕ. ತಪ್ಪು ನಿಮ್ಮ ಸರಿ ಪುಸ್ತಕದಾಗ ಐತಿ.’

ಬರಿಗೈಲಿ ಮರಳಿದೆ. ಮುಂದಿನ ಭಾನುವಾರ ಮತ್ತೆ ಹೋದೆ, ಒಪ್ಪಿಸಲು. ಅದರ ಮುಂದಿನ ಭಾನುವಾರವೂ ಒಪ್ಪಿಸಲೆಂದೇ ಹೋದೆ. ಅವಳ ತಾಯಿ ಅಮೀನಬಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ನಮ್ಮ ಮೇಲೊಂದು ಕಣ್ಣಿಡುತ್ತಿದ್ದರು.

ನಾವಿಬ್ಬರೂ ಸಮುದ್ರ ಕಂಡವರಲ್ಲ.

‘ಆ ಕಡೆ ಗಂಜಿ ಹೆಂಗಿರತೈತ್ರಿ?’ ಕೇಳಿದಳು.

‘ನಮ್ಮ ಜೋಳದ ನುಚ್ಚಿನಂಗ ಇರಬೇಕು. ಮಜ್ಜಿಗಿ ಹಾಕೂದಿಲ್ಲಂತ ಕಾಣತೈತಿ.’

‘ಮಜ್ಜಿಗಿ ಇಲ್ದ ಉಂಡ್ರ ದೆವ್ವ ಆಗದ ಏನಾಗತಾರ?’

ನಾನು ನಕ್ಕಾಗ ಅವಳು ನಗು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಪುಸ್ತಕವನ್ನು ಅರ್ಧ ಬಿಡಿಸಿ, ನಡುವಿನ ದಾರದ ಮೇಲೆ ಬೆರಳಾಡಿಸಿದಳು.

‘ಯಾರ ಹೊಲಿಗಿ ಇದು?’

‘ನಂದ್ರಿ.’

‘ಭಾಳ ನೆಟ್ಟಗ ಐತಿ. ಹೊಲಿದಾಂವನೂ ಹಂಗ ಅದಾನೋ, ನೋಡಬೇಕು.’

ನೋಡಿಯೂ ಬಿಟ್ಟಳು, ಓರೆಗಣ್ಣಿನಲ್ಲಿ. ನನ್ನ ಕಣ್ಣು ಅವಳ ಬೆರಳಿಗೆ ಇಳಿಯಿತು. ಸೂಜಿ ಚುಚ್ಚಿ ಒರಟಾದ ಬೆರಳ ತುದಿ. ನನ್ನದೂ ಅದೇ ಬೆರಳು, ಅದೇ ಒರಟು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ಆ ಬೆರಳನ್ನು ಮುಚ್ಚಿ ಹಿಡಿದುಕೊಂಡಿದ್ದೆ, ಯಾರಾದರೂ ಓದಿಬಿಡುತ್ತಾರೇನೋ ಎಂಬಂತೆ.

ಒಂದು ಭಾನುವಾರ ಅಮೀನಬಿ ನನ್ನನ್ನು ಓಣಿಯ ತಿರುವಿನಲ್ಲೇ ತಡೆದರು. ಸೆರಗಿನಡಿಯಿಂದ ಪುಸ್ತಕ ತೆಗೆದು ಕೈಗಿಟ್ಟರು.

‘ಒಯ್ದುಬಿಡು ಬೇಟಾ. ಮುಂಡರಗಿಯವ್ರು ಶುಕ್ರವಾರ ಮಾತು ಮುಗಸಾಕ ಬರ್ತಾರ. ಕಪಾಟಿಗೆ ಕೀಲಿ ಹಾಕೀನಿ, ಇದನ್ನ ಮಾತ್ರ ಅಕಿ ಕೈ ಬಿಡೂದಿಲ್ಲ. ಕಂಡ್ರ ಎದ್ದು ಹೋಗ್ತಾರ. ನಾ ಹೋದ ಮ್ಯಾಲೆ ಅಕಿಗೆ ಯಾರ ಅದಾರ ಹೇಳು?’

ಹಿರಿಯರ ಕಣ್ಣಲ್ಲಿ ನೀರು ಕಂಡರೆ ನನಗೆ ಇಲ್ಲ ಎನ್ನಲಾಗದು. ತೆಗೆದುಕೊಂಡೆ.

‘ಆತಲ್ಲ ಕೆಲಸಾ! ರದ್ದಿಗೆ ಹಾಕು’ ಎಂದರು ಅಂಗಡಿಯಲ್ಲಿ ಚಾಚಾ.

ನಾನು ತೆಳು ಹೊದಿಕೆ ಕಿತ್ತೆ. ಹಳೆಯ ದಾರ ಬಿಚ್ಚಿದೆ. ಸರಿ ಫಾರ್ಮು ಪಕ್ಕದಲ್ಲೇ ಇತ್ತು. ಅದನ್ನು ಸೇರಿಸಿದರೆ ಪುಸ್ತಕ ಸರಿಯಾಗುತ್ತಿತ್ತು, ಆ ಹೆಂಗಸಿನ ನೆತ್ತಿಗೆ ಮೊಳೆ ಬೀಳುತ್ತಿತ್ತು. ತಪ್ಪು ಫಾರ್ಮನ್ನೇ ಅದರ ಜಾಗದಲ್ಲಿಟ್ಟು ಎರಡೆಳೆ ದಾರದಲ್ಲಿ ಹೊಲಿಯಲು ಕೂತೆ.

‘ತಪ್ಪು ಪುಸ್ತಕಕ್ಕ ರಟ್ಟಿನ ಬೈಂಡೇನಲೇ?’

‘ಹೌದ್ರಿ ಚಾಚಾ. ಯಾರು ಜಗ್ಗಿದ್ರೂ ಬಿಚ್ಚಬಾರದು.’

ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಚಾಚಾ ನನ್ನ ಮುಖ ನೋಡಿದರು, ಕೆಂಪು ಬಟ್ಟೆಯ ರಟ್ಟು ನೋಡಿದರು. ‘ಅಂಟು ಒಣಗಾಕ ಬಿಡು. ಜಲ್ದಿ ಮಾಡಿ ಕೆಡಸಬ್ಯಾಡ’ ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದರು.

ಶುಕ್ರವಾರ ಆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ತಿರುಗಿ ಹೋಗಿಬಿಡಬೇಕೆನಿಸಿತು. ಆದರೂ ತಟ್ಟಿದೆ. ಒಳಗಿನ ಮಾತು ನಿಂತಿತು.

ಕೈನಾತ ತೆರೆದಳು. ಅತ್ತು ಅವಳ ಕಣ್ಣು ಕೆಂಪಾಗಿದ್ದವು. ಅವಳ ಹಿಂದೆ ಚಾಪೆಯ ಮೇಲೆ ಮುಂಡರಗಿಯ ಗಂಡಿನ ತಾಯಿ ಅಲ್ಮಾಸಬಿ ಕೂತಿದ್ದರು.

‘ಯಾರಿಂವಾ?’ ಎಂದರು.

ನಾನು ಪುಸ್ತಕ ಚಾಚಿದೆ. ಕೈನಾತ ನೇರ ಆ ಪುಟಕ್ಕೇ ಹೋದಳು. ಗಂಜಿ ಅಲ್ಲೇ ಇತ್ತು. ದಾರವನ್ನು ಉಗುರಿನಿಂದ ಜಗ್ಗಿ ನೋಡಿದಳು. ಅಲುಗಲಿಲ್ಲ. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

‘ದೂರದಿಂದ ಬಂದೀರಿ. ಒಳಗ ಬರ್ರಿ, ಕುಂಡ್ರಿ.’

ಅಲ್ಮಾಸಬಿಯ ಎದುರೇ ನನಗೊಂದು ಚಾಪೆ ಬಿತ್ತು. ನುಚ್ಚು ಬಂತು, ಮೇಲೆ ಮಜ್ಜಿಗೆ.

‘ದೆವ್ವದ ಪುಸ್ತಕ ಮನ್ಯಾಗ ಬ್ಯಾಡಂತ ಹೇಳಿದ್ವಲ್ಲ ಅಮೀನಾ?’ ಎಂದರು ಅಲ್ಮಾಸಬಿ.

ಉತ್ತರ ಕೊಟ್ಟವಳು ಕೈನಾತ. ‘ಪುಸ್ತಕ ಅಷ್ಟ ಅಲ್ರಿ ಖಾಲಾ, ದೆವ್ವನೂ ಇಲ್ಲೇ ನಿಂತೈತಿ. ಮೊಳಿ ತಂದೀರೇನು?’

ಮುಂಡರಗಿಯವರೆಲ್ಲ ಎದ್ದರು. ‘ಚಾ ಕುಡದ ಹೋಗ್ರಿ’ ಎಂದು ಅವಳು ಮನಸ್ಸಿನಿಂದಲೇ ಕರೆದಳು. ಯಾರೂ ನಿಲ್ಲಲಿಲ್ಲ.

‘ಮಂದಿ ಏನಂತಾರವಾ?’ ಅಮೀನಬಿ ಗೋಡೆಗೊರಗಿ ಅತ್ತರು.

‘ಈಗ ಅನ್ನೂದನ್ನ ಅಂತಾರ ಅಮ್ಮೀ.’ ತಾಯಿಯ ಕೈ ಹಿಡಿದು ಪಕ್ಕದಲ್ಲೇ ಕೂತಳು.

ನಾನು ಹಿಡಿದ ತುತ್ತನ್ನು ತಾಟಿಗಿಟ್ಟೆ. ‘ನನ್ನದೊಂದು ಮಾತೈತ್ರಿ. ತಪ್ಪಾದ್ರ…’

‘ತಪ್ಪಾದ್ರ ನನ್ನ ಕಡೆನ ಇರಲಿ. ವಾಪಸ್ ಕೊಡಂಗಿಲ್ಲ.’

‘ನಿಮ್ಮನ್ನ ಲಗ್ನ ಆಗಬೇಕಂತ ಆಸೆ ಐತಿ. ಮಷೀನ್ ಮಾರಬ್ಯಾಡ್ರಿ. ದೆವ್ವ ಎಲ್ಲಾ ಬೆಟಗೇರಿಗೆ ಕರಕೊಂಡ ಬರ್ರಿ.’

ಅವಳು ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ನನ್ನ ತಾಟನ್ನು. ‘ಮೊದಲ ಉಣ್ರಿ’ ಎಂದಳು. ‘ಆಮ್ಯಾಲೆ ಕಪಾಟು ಎತ್ತಾಕ ತಾಕತ್ತು ಬೇಕಾಗತೈತಿ.’

ಆ ಕಪಾಟು ಈಗ ಬೆಟಗೇರಿಯ ನಮ್ಮ ಮನೆಯಲ್ಲಿದೆ, ಯಂತ್ರದ ಪಕ್ಕದಲ್ಲಿ. ಅಮೀನಬಿ ಬಂದು ಹೋಗುತ್ತಾರೆ. ಮನಸಾರೆ ಒಪ್ಪಿದ್ದಾರೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಆ ಫಾರ್ಮನ್ನು ಅಲ್ಲಿಟ್ಟ ಕೈ ಯಾರದು ಎಂಬುದೂ ತಿಳಿಯಲಿಲ್ಲ.

ಕೆಲವು ಸಂಜೆ ಅವಳು ಕೆಂಪು ರಟ್ಟಿನ ಪುಸ್ತಕ ತೆರೆದು ಆ ಪುಟ ಓದುತ್ತಾಳೆ. ಗಂಜಿ ಉಂಡ ಮೇಲೆ ಆ ಹೆಂಗಸು ಅಲ್ಲೇ ಉಳಿದಳೋ, ಅಳಿವೆಗೆ ಮರಳಿದಳೋ? ಕೇಳುತ್ತಾಳೆ. ಅದನ್ನು ಹೇಳುವ ಪುಟ ನಮ್ಮ ಪುಸ್ತಕದಲ್ಲಿಲ್ಲ.