ಬಿದ್ದರೂ ಅಳು ಬಾರದಂಥ ರೀಲ್

"ಕೈ ಜಾರಿ ಕಲ್ಲಿನ ಮೇಲೆ ಬಿದ್ರೂ ಯಾರಿಗೂ ಅಳು ಬರಬಾರ್ದು ನೋಡಿ... ಅಂಥದ್ದೊಂದು ರೀಲ್ ಕೊಡಿ!"

ದಾರ ಸುತ್ತುತ್ತಿದ್ದ ನೆಸ್ತಾ ಸರಕ್ಕನೆ ತಲೆಯೆತ್ತಿದಳು.

ಟೈವಿ ನದಿಯ ದಡದ ನಮ್ಮ ಊರಿನಲ್ಲಿ ಮೀನು ಹಿಡಿಯುವ ಸಾಮಾನಿಗೆ ಇರುವುದು ಇವಳ ಅಪ್ಪ ಎಮ್ರಿಸ್ ಅವರದೊಂದೇ ಅಂಗಡಿ. ನಮ್ಮವರು ಗಾಳಕ್ಕೆ ಹುಳ ಚುಚ್ಚುವವರಲ್ಲ. ಗರಿಯಲ್ಲಿ ಕಟ್ಟಿದ ಹುಸಿ ನೊಣವನ್ನು ನೀರಿನ ಮೇಲೆ ಬೀಸಿ ಟ್ರೌಟ್ ಮೀನು ಹಿಡಿಯುವವರು. ಗಾಳದ ದಾರ ಸುತ್ತುವ ಚಕ್ರ, ಅಂದರೆ ರೀಲ್, ಕೊಳ್ಳಲು ಬಂದರೆ ತೂಕ ಕೇಳುತ್ತಾರೆ, ಬೆಲೆಗೆ ಜಗ್ಗಾಡುತ್ತಾರೆ. ಅಳುವಿನ ಮಾತೆತ್ತಿದವನು ಇವನೇ ಮೊದಲು!

ಅದೂ ಇವಳ ಮುಂದೆ...

ಎರಡು ವರ್ಷದ ಹಿಂದೆ ಎಮ್ರಿಸ್ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಆಸ್ಪತ್ರೆಯಿಂದ ಬಂದವರೇ ಹಠ ಹಿಡಿದು ನದಿಗೆ ಹೋದರು. ಅಜ್ಜನ ಕಾಲದ ಹಿತ್ತಾಳೆ ರೀಲ್ ಕೈಯಿಂದ ಜಾರಿ ಬಂಡೆಗೆ ಬಿದ್ದು ಎರಡು ಹೋಳಾಯಿತು. ನೆಸ್ತಾ ದಡದಲ್ಲೇ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅವತ್ತಿನಿಂದ ಎಮ್ರಿಸ್ ನದಿಯ ಕಡೆ ತಲೆಹಾಕಿಲ್ಲ. ಅವಳು ಕಾರ್ಡಿಫ್ ನಗರದ ಕೆಲಸ ಬಿಟ್ಟು ಅಂಗಡಿಗೆ ಬಂದು ಕೂತಳು. ಮದುವೆಯಾಗಬೇಕಿದ್ದವನು, 'ನಾನು ಆ ಹಳ್ಳಿಗೆ ಬರಲ್ಲ' ಎಂದು ಉಂಗುರ ವಾಪಸ್ ತೆಗೆದುಕೊಂಡ.

ಇವನಿಗೆ ಇದೆಲ್ಲ ಯಾರು ಹೇಳಿದರು? ಬೇಕೆಂದೇ ಚುಚ್ಚುತ್ತಿದ್ದಾನಾ?

"ಯಾರ್ರೀ ನೀವು?" ದನಿ ಗಡುಸಾಗಿಯೇ ಬಂತು.

"ಗೆಥಿನ್. ಬಡಗಿ. ಗುರುವಾರ ಗುರುವಾರ ನಿಮ್ಮಪ್ಪನ್ನ ಕೈ ಪಳಗಿಸೋ ವ್ಯಾಯಾಮ ಕೇಂದ್ರಕ್ಕೆ ಕಾರಲ್ಲಿ ಕರ್ಕೊಂಡು ಹೋಗೋನು ಈಗ ನಾನೇ. ಹೋದ ವಾರ ಬಂದಾಗ ನೀವಿರ್ಲಿಲ್ಲ."

ಓ... ಊರವರು ಸರದಿಯ ಮೇಲೆ ಮಾಡುವ ಸೇವೆ ಅದು, ಬಿಡಿಗಾಸೂ ಇಲ್ಲದ ಕೆಲಸ. ನೆಸ್ತಾಳ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ!

"ಮೀನು ಹಿಡಿಯೋದು ಗೊತ್ತಾ?"

"ಸಮುದ್ರದ ಕಡೆಯವನು ನಾನು. ಬಲೆ ಗೊತ್ತು. ಇದು ಗೊತ್ತಿಲ್ಲ."

ಅವಳು ಮೂರು ರೀಲ್ ಮುಂದಿಟ್ಟಳು. "ಈ ಪ್ಲಾಸ್ಟಿಕ್‌ದು ಹದಿನೈದು ಪೌಂಡ್. ಒಂದು ತಿಂಗಳಲ್ಲಿ ಗಡಗಡ ಅನ್ನುತ್ತೆ, ಬೇಡ. ಇದು ಮುನ್ನೂರು. ಇದೂ ನಿಮಗೆ ಬೇಡ. ನಮ್ಮ ನದಿ ಟ್ರೌಟ್ ಗೇಣುದ್ದ ಇರುತ್ತೆ, ಅದಕ್ಕೆ ದಾರ ತಡೆಯೋ ಇಷ್ಟು ದೊಡ್ಡ ಬ್ರೇಕ್ ಯಾಕೆ? ನಲವತ್ತೈದರ ಈ ಅಲ್ಯೂಮಿನಿಯಂದು ತಗೊಳ್ಳಿ. ಅಲ್ಲಾಡಿಸಿ ನೋಡಿ, ಚಕ್ರ ಅಲುಗಲ್ಲ. ಉಳಿದ ದುಡ್ಡು ಒಳ್ಳೆ ದಾರಕ್ಕೆ ಹಾಕಿ."

"ಮುನ್ನೂರರದ್ದು ಮಾರಬಹುದಿತ್ತಲ್ಲ ನೀವು?"

"ಮಾರಬಹುದಿತ್ತು. ಆಮೇಲೆ ರಾತ್ರಿ ನಿದ್ದೆ ಬರಬೇಕಲ್ಲ! ಯಾವ ಕೈಲಿ ಸುತ್ತುತ್ತೀರಿ?"

ಗೆಥಿನ್ ತನ್ನ ಎರಡೂ ಕೈಗಳನ್ನು ಪರೀಕ್ಷೆಯಲ್ಲಿ ಉತ್ತರ ಹುಡುಕುವವನಂತೆ ನೋಡಿಕೊಂಡ. "ಎಡ... ಎಡಗೈ ಅಂತಿಟ್ಕೊಳ್ಳಿ."

ಅಂತಿಟ್ಕೊಳ್ಳಬೇಕಂತೆ! ನಗು ತಡೆದುಕೊಂಡು ಅವಳು ಸುತ್ತುವ ಹಿಡಿಯನ್ನು ಎಡಕ್ಕೆ ಬರುವಂತೆ ಜೋಡಿಸಿದಳು. ದಾರದ ಉರುಳೆಗೆ ಪೆನ್ಸಿಲ್ ತೂರಿಸಿ ಅವನ ಕೈಗಿತ್ತಳು.

"ಬಿಗಿಯಾಗಿ ಹಿಡ್ಕೊಳ್ಳಿ. ಸಡಿಲ ಬಿಟ್ರೆ ದಾರ ಗೋಜಲಾಗುತ್ತೆ."

ಅವನು ಹಿಡಿದ, ಅವಳು ಸುತ್ತಿದಳು. ಇಬ್ಬರ ನಡುವೆ ಒಂದು ಮಾರು ಹಸಿರು ದಾರ... ಅವನ ಉಗುರಿನಲ್ಲಿ ಮರದ ಪುಡಿ ಇತ್ತು. ಅದನ್ನು ತಾನೇಕೆ ನೋಡುತ್ತಿದ್ದೇನೆ ಎಂದು ನೆಸ್ತಾ ತನ್ನನ್ನೇ ಗದರಿಕೊಂಡಳು.

ಮುಂದಿನ ಬುಧವಾರ ಅವನು ಮತ್ತೆ ಹಾಜರು. "ಬಲಕ್ಕೆ ಹಾಕಿಕೊಡ್ತೀರಾ? ತಪ್ಪಾಯ್ತು."

ಹಿಡಿ ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ದಾರವನ್ನೆಲ್ಲ ಬಿಚ್ಚಿ ಉಲ್ಟಾ ಸುತ್ತಬೇಕು. ಮತ್ತೆ ಪೆನ್ಸಿಲ್, ಮತ್ತೆ ಅರ್ಧ ಗಂಟೆ. ಮಾತಾಡದೆ ಎಷ್ಟು ಹೊತ್ತು ಸುತ್ತುವುದು? ಅವನು ತಾನು ಮಾಡಿದ ಗೇಟು ಒಬ್ಬರ ಮನೆಯ ಮದುವೆಯ ದಿನವೇ ತೆರೆಯದೆ ಹೋಗಿ, ಮದುಮಗಳು ಬೇಲಿ ಹಾರಿದ್ದನ್ನು ಹೇಳಿದ. ನೆಸ್ತಾ ನಕ್ಕ ನಗೆಗೆ ಸುತ್ತಿದ ದಾರ ಸಡಿಲವಾಯಿತು, ಮೊದಲಿಂದ ಸುತ್ತಬೇಕಾಯಿತು.

ಶನಿವಾರ ಮತ್ತೆ ಬಂದ. "ಎಡಕ್ಕೆ..."

ಬುಧವಾರ, "ಬಲಕ್ಕೆ..."

"ಏನ್ರೀ ಇದು? ತಲೆ ಕೆಟ್ಟಿದೆಯಾ ನಿಮಗೆ?"

"ಇನ್ನೂ ಗೊತ್ತಾಗ್ತಿಲ್ಲ ನೋಡಿ, ಯಾವ ಕೈ ಅಂತ," ಎಂದು ಕಿವಿ ಕೆಂಪಗೆ ಮಾಡಿಕೊಂಡ.

ಪಕ್ಕದ ಅಂಚೆ ಕಚೇರಿಯ ಡಿಲಿಸ್‌ಗೆ ಇಷ್ಟು ಸಾಕಾಯಿತು. "ಏನೇ ಹುಡುಗಿ, ಆ ಬಡಗಿಗೆ ರೀಲ್ ರಿಪೇರಿನೋ, ಹೃದಯ ರಿಪೇರಿನೋ?"

"ಸುಮ್ನಿರಿ ಡಿಲಿಸಮ್ಮಾ!"

ಬಾಯಿ ಹಾಗೆಂದಿತು. ಆದರೆ ಶನಿವಾರ ಬೆಳಿಗ್ಗೆ ಕೈ ತಾನಾಗಿ ಒಣದ್ರಾಕ್ಷಿ ಹಾಕಿದ ಬಿಸ್ಕತ್ತನ್ನು ಕಾದ ಕಲ್ಲಿನ ಮೇಲೆ ಸುಟ್ಟು ತಟ್ಟೆಗಿಟ್ಟಿತ್ತು. ಗಂಟೆ ಹನ್ನೊಂದಾದರೆ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

'ನನಗೋಸ್ಕರ ಬರ್ತಿದ್ದಾನೆ... ಹೌದು, ನನಗೋಸ್ಕರನೇ!'

ಎರಡು ವರ್ಷದಿಂದ ಮುಚ್ಚಿಟ್ಟ ಮನಸ್ಸು. ಅದರ ಬಾಗಿಲು ತೆರೆಯಲು ಅವಳಿಗೆ ಭಯವಾಯಿತು, ಆದರೂ ತೆರೆದಳು.

ಏಳನೆಯ ಗುರುವಾರ. ಗೆಥಿನ್ ಅಪ್ಪನನ್ನು ಕರೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು. ಫೋನ್ ಹೊಡೆದುಕೊಂಡಿತು.

"ವ್ಯಾಯಾಮ ಕೇಂದ್ರದಿಂದ. ಎಮ್ರಿಸ್ ಅವರು ಆರು ವಾರದಿಂದ ಬಂದೇ ಇಲ್ಲವಲ್ಲ... ಅವರ ಜಾಗ ಬೇರೆಯವರಿಗೆ ಕೊಡೋಣವೇ?"

ಬೇಡ, ಜಾಗ ಹಾಗೇ ಇಟ್ಟಿರಿ ಎಂದು ನೆಸ್ತಾ ಫೋನ್ ಇಟ್ಟಳು.

ಆರು ವಾರ! ಈ ವಸಂತದಲ್ಲಿ ಕೈ ಪಳಗದಿದ್ದರೆ ಆಮೇಲೆ ಶಾಶ್ವತವಾಗಿ ಮರಗಟ್ಟುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಗಾದರೆ ಅಪ್ಪನನ್ನು ಇವನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾನೆ? ವಾರಕ್ಕೆರಡು ಸಲ ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು, ಒಂದು ಮಾತು ಹೇಳಲಿಲ್ಲವಲ್ಲ!

ಅಂಚೆ ಕಚೇರಿಗೆ ಓಡಿದಳು. "ಡಿಲಿಸಮ್ಮಾ, ನಮ್ಮಪ್ಪ..."

ಡಿಲಿಸ್ ಸ್ಟಾಂಪಿನ ಪುಸ್ತಕ ಮುಚ್ಚಿದರು. "ಗಿರಣಿ ಸೇತುವೆ ಹತ್ರ ಇರ್ತಾರೆ ಕಣೇ. ಊರಿಗೆಲ್ಲ ಗೊತ್ತು, ನಿಂಗೊಬ್ಬಳಿಗೇ ಗೊತ್ತಿಲ್ಲ. ಹೋಗು, ಬೈಬೇಡ."

ಬೈಯಬಾರದಂತೆ! ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ.

ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಅಪ್ಪ ನಿಂತಿದ್ದರು. ಬೀಳದಂತೆ ಅವರ ಸೊಂಟದ ಪಟ್ಟಿಯನ್ನು ಹಿಂದಿನಿಂದ ಗೆಥಿನ್ ಹಿಡಿದಿದ್ದ. ಗಾಳದ ಕೋಲು ಅಪ್ಪನ ಎಡಗೈಯಲ್ಲಿತ್ತು, ಬಾಗಿ ಬಾಗಿ ನಡುಗುತ್ತಿತ್ತು. ಮೀನು ಸಿಕ್ಕಿತ್ತು!

"ದಾರ ಎಳೀಲಾ ಯಜಮಾನ್ರೇ?"

"ಮುಟ್ಟಿದ್ರೆ ಕೈ ಮುರಿತೀನಿ! ನಾನೇ ಸುತ್ತುತ್ತೀನಿ ಕಣೋ!"

ಮತ್ತು ಅಪ್ಪನ ಬಲಗೈ... ಎರಡು ವರ್ಷದಿಂದ ಚಹಾದ ಚಮಚವನ್ನೂ ಎತ್ತದ ಕೈ... ಆ ನಲವತ್ತೈದು ಪೌಂಡಿನ ರೀಲಿನ ಹಿಡಿಯನ್ನು ಹಿಡಿದಿತ್ತು. ಒಂದು ಸುತ್ತು. ನಿಂತಿತು. ಇನ್ನೊಂದು ಸುತ್ತು.

ಕಟ್... ಕಟ್... ಕಟ್...

ಬೈಯಬೇಕೆಂದು ಬಂದದ್ದು ನೆಸ್ತಾಳಿಗೆ ಮರೆತೇಹೋಯಿತು. ಎಡಗೈಯಲ್ಲಿ ಕೋಲು ಹಿಡಿದರೆ ಸುತ್ತಬೇಕಾದ್ದು ಬಲಗೈ. ಗುರುವಾರ ಹಿಡಿ ಬಲಕ್ಕೆ ಯಾಕಿರಬೇಕಿತ್ತು ಎಂದು ಈಗ ಅರ್ಥವಾಯಿತು.

ಚುಕ್ಕೆ ಚುಕ್ಕೆಯ ಪುಟ್ಟ ಟ್ರೌಟ್ ಬಲೆಚೀಲಕ್ಕೆ ಬಂತು. ತಲೆ ಎತ್ತಿದ ಎಮ್ರಿಸ್ ಮಗಳನ್ನು ಕಂಡರು. ಮುಖ ಬಿಳಿಚಿಕೊಂಡಿತು.

"ಅವನನ್ನ ಬೈಬೇಡಮ್ಮ. ನಾನೇ ಆಣೆ ಹಾಕಿಸಿದ್ದೆ."

"ಯಾಕಪ್ಪಾ? ನನ್ನಿಂದ ಯಾಕೆ ಮುಚ್ಚಿಟ್ಟೆ?"

"ಅಜ್ಜನ ರೀಲ್ ಒಡೆದ ದಿನ ನೀನೆಷ್ಟು ಅತ್ತೆ... ಮತ್ತೆ ನಿನ್ನೆದುರು ಕೈ ಜಾರಿದ್ರೆ? ಅದಕ್ಕೇ ಇವನಿಗೆ ಹೇಳ್ದೆ, ಬಿದ್ರೂ ಯಾರೂ ಅಳದಂಥದ್ದು ತಾ ಅಂತ. ನಮ್ಮ ಅಂಗಡೀದು ನಾನೇ ತಗೊಂಡಿದ್ರೆ ನಿಂಗೆ ಗೊತ್ತಾಗ್ತಿತ್ತು."

"ಅಯ್ಯೋ ಅಪ್ಪಾ!" ಬೂಟು ಬಿಚ್ಚದೆಯೇ ನೆಸ್ತಾ ನೀರಿಗಿಳಿದಳು. "ನಾನು ರೀಲಿಗೆ ಅತ್ತಿದ್ದು ಅಂದ್ಕೊಂಡ್ಯಾ? ಹೋದ್ರೆ ಹೋಯ್ತು ಆ ಹಿತ್ತಾಳೆ! ನಿನ್ನ ಮುಖ ನೋಡಿ ಅತ್ತಿದ್ದು ನಾನು..."

ಎಮ್ರಿಸ್ ಅವರ ಬಲಗೈ ನಿಧಾನವಾಗಿ, ಬಹಳ ನಿಧಾನವಾಗಿ ಮೇಲೆದ್ದು ಮಗಳ ಕೆನ್ನೆಗೆ ತಾಗಿತು. ನೆಸ್ತಾ ಆ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಜೋರಾಗಿ ಅತ್ತಳು.

"ಮಂಗಳವಾರ ವ್ಯಾಯಾಮ ಕೇಂದ್ರ, ಗುರುವಾರ ನದಿ. ಎರಡೂ ಆಗಬೇಕು," ಎಂದಳು ಕಣ್ಣೊರೆಸಿಕೊಂಡು.

"ಆಯ್ತು ಮಾರಾಯ್ತಿ. ನಿಮ್ಮಮ್ಮನ ಥರನೇ ನೀನು."

ಅಪ್ಪ ಮೀನನ್ನು ನೀರಿಗೆ ಬಿಡಲು ಬಗ್ಗಿದಾಗ ಗೆಥಿನ್ ಪಟ್ಟಿಯನ್ನು ಇವಳ ಕೈಗೆ ಕೊಟ್ಟು ದಡಕ್ಕೆ ಸರಿದ. ಅವರನ್ನು ಬಂಡೆಯ ಮೇಲೆ ಕೂರಿಸಿ ನೆಸ್ತಾ ಅವನ ಹಿಂದೆ ಹೋದಳು. ಎದೆಯಲ್ಲಿ ಇನ್ನೊಂದು ಮುಳ್ಳು ಉಳಿದಿತ್ತಲ್ಲ!

'ಅಪ್ಪನ ಕೆಲಸಕ್ಕೆ ಬರುತ್ತಿದ್ದವನು. ನಾನೇ ಹುಚ್ಚಿ, ಬಿಸ್ಕತ್ತು ಸುಟ್ಟುಕೊಂಡು ಕೂತೆ...'

"ಅಪ್ಪನಿಗೆ ಇಷ್ಟು ಮಾಡಿದ್ದೀರಿ. ನಿಮ್ಮ ಋಣ ತೀರಲ್ಲ," ಎಂದಳು ತಲೆ ತಗ್ಗಿಸಿ. "ಪಾಪ, ಅದಕ್ಕೋಸ್ಕರ ವಾರಕ್ಕೆರಡು ಸಲ ನನ್ನ ಅಂಗಡಿಗೆ ಅಲೆದಿರಿ..."

"ಅದಕ್ಕೋಸ್ಕರ ಅಲ್ಲ."

"ಮತ್ತೆ?"

ಗೆಥಿನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. "ನಿಮ್ಮಪ್ಪನಿಗೆ ಬೇಕಾದದ್ದು ಬಲಕ್ಕೆ. ಅದು ಮೊದಲ ಬುಧವಾರಕ್ಕೇ ಮುಗಿದಿತ್ತು. ಆಮೇಲೆ ಹಿಡಿ ಬದಲಾಯಿಸೋದು, ದಾರ ಸುತ್ತೋದು ಎಲ್ಲ ಅವರೇ ಹೇಳಿಕೊಟ್ರು. ನನಗೇ ಬರುತ್ತೆ."

"ಹಾಗಾದ್ರೆ... ಶನಿವಾರ ಎಡಕ್ಕೆ ಯಾಕೆ ಹಾಕಿಸ್ತಿದ್ರಿ?"

"ಬುಧವಾರ ಬಲಕ್ಕೆ ಹಾಕಿಸೋಕೆ ಬರಬೇಕಿತ್ತಲ್ಲ ನೆಸ್ತಾ!"

ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ನಿನ್ನ... ನಿಮ್ಮ ಅರ್ಧ ಗಂಟೆ ಬೇಕಿತ್ತು ನನಗೆ. ಬೇರೆ ನೆಪ ಹೊಳೀಲಿಲ್ಲ. ಪ್ರೀತಿ ಅಂತ ಬಾಯಿಬಿಟ್ಟು ಹೇಳೋಣ ಅಂದ್ರೆ, ಇನ್ನೊಂದು ಸತ್ಯ ಮುಚ್ಚಿಟ್ಟುಕೊಂಡು ಹೇಗೆ ಹೇಳ್ಲಿ?"

ಬಂಡೆಯಿಂದ ಎಮ್ರಿಸ್ ಕೂಗಿದರು. "ಏಯ್, ನನ್ನ ಮೀನು ಹಿಡಿದು ಬಿಟ್ಟೂ ಆಯ್ತು! ನಿಮ್ಮದಿನ್ನೂ ಮುಗೀಲಿಲ್ವಾ?"

ಇಬ್ಬರೂ ನಕ್ಕರು. ನೆಸ್ತಾ ಅವನ ಕೈಯಿಂದ ಟೋಪಿ ಕಿತ್ತುಕೊಂಡು ಅವನ ತಲೆಗೇ ಇಟ್ಟಳು.

"ಇನ್ಮೇಲೆ ಶನಿವಾರ ಆ ರೀಲ್ ತರಬೇಡ."

ಅವನ ಮುಖ ಸಣ್ಣಗಾಯಿತು. "ಬರಲೇಬಾರದಾ?"

"ಬಾ. ಬರಿಗೈಲಿ ಬಾ," ಎಂದು ಅವಳು ತನ್ನ ಅಂಗೈಯನ್ನು ಅವನ ಅಂಗೈಯೊಳಗೆ ಇಟ್ಟಳು. "ಬಿಗಿಯಾಗಿ ಹಿಡ್ಕೋ."

"ಎಷ್ಟು ಹೊತ್ತು?"

"ನಾನು ಬಿಡು ಅನ್ನೋವರೆಗೆ."

"ಯಾವಾಗ ಅಂತೀಯಾ?"

"ಅನ್ನಲ್ಲ ಕಣೋ, ದಡ್ಡ!"