ಕೊಬ್ಬರಿ ಮನೆಯ ಹೆಲಿಕಾಪ್ಟರ್

"ಬಗ್ಗು ಅನಿತಾ...!"

ಅವಳು ಬಗ್ಗುವಷ್ಟರಲ್ಲಿ ಅಂಗೈಯಗಲದ ಆಟದ ಹೆಲಿಕಾಪ್ಟರೊಂದು ಕಿವಿಯ ಪಕ್ಕದಲ್ಲೇ ಗುಂಯ್‌ಗುಟ್ಟುತ್ತಾ ಹಾದು, ಕೊಬ್ಬರಿ ಮನೆಯ ಗೋಡೆಗೆ ಬಡಿದು ಬಿತ್ತು.

ರಿಮೋಟ್ ಹಿಡಿದು ಕುಳಿತಿದ್ದವನು ಕಲ್ಲೇಶ್. ಪಕ್ಕದಲ್ಲಿ ಊರುಗೋಲು. ಅವನು ತೆಂಗಿನ ಮರದಿಂದ ಬಿದ್ದ ಮೇಲೆ ಅವಳು ಅವನನ್ನು ಹತ್ತಿರದಿಂದ ನೋಡಿದ್ದು ಇವತ್ತೇ.

'ಎಷ್ಟು ಇಳಿದುಹೋಗಿದ್ದಾನೆ...' ಅಂದುಕೊಂಡಳು ಅನಿತಾ. ಬಾಯಿಗೆ ಬಂದದ್ದು ಮಾತ್ರ ಸಿಟ್ಟು.

"ಕೊಬ್ಬರಿಗೆ ಅಂತ ಅಟ್ಟದ ತುಂಬ ಕಾಯಿ ಹಾಕಿ ಕಿಟಕಿ ಮುಚ್ಕೊಂಡು ಕೂತಿದ್ದೀಯಲ್ಲ! ಗಾಳಿಯಾಡ್ದೆ ಬೂಷ್ಟು ಹಿಡಿದ್ರೆ? ನನ್ ಮುಖ ನೋಡ್ಬಾರ್ದು ಅಂತ ಕೊಬ್ಬರಿನೂ ಕೊಳೆಸ್ತೀಯೇನ್ಲಾ?"

ಆ ಕಿಟಕಿಯ ಎದುರಿಗೇ ಅವಳ ಮನೆ. ಇಬ್ಬರಿಗೂ ಮದುವೆಯ ಮಾತಾಗಿತ್ತು. ಬಿದ್ದ ಮೇಲೆ ಅವನು ಹಾಸಿಗೆಯಿಂದಲೇ "ಬೇಡ" ಎಂದು ಹೇಳಿ ಕಳಿಸಿದ್ದ. ನಾಳೆ ದಬ್ಬೇಘಟ್ಟದಿಂದ ಬೇರೆ ಗಂಡಿನ ಕಡೆಯವರು ಬರುವವರಿದ್ದರು. ಇನ್ನು ತಡೆಯಲಾರದೆ ಅವಳೇ ಬಂದಿದ್ದಳು.

ಕಲ್ಲೇಶ್ ಕಕ್ಕಾಬಿಕ್ಕಿಯಾದ. "ನಿನ್ ಮುಖಕ್ಕಲ್ಲ ಕಣೇ, ಗಾಳಿಗೆ! ಚೂರು ಗಾಳಿ ಬಂದ್ರೂ ಇದು ಕೈಗೆ ಸಿಗಲ್ಲ. ಕಾಯಿ ಗ್ಯಾನನೇ ಬರ್ಲಿಲ್ಲ..."

"ಈಗ್ಯಾಕೆ ಮಕ್ಕಳಾಟ?"

"ಇನ್ನು ಮರ ಹತ್ತಕ್ಕಾಗಲ್ಲ. ತೋಟಕ್ಕೆ ಔಷಧಿ ಹೊಡೆಯೋ ಡ್ರೋನ್ ಕಲೀಬೇಕು. ಮೊದ್ಲು ಇದ್ರಲ್ಲಿ ಬೆರಳು ಪಳಗ್ಲಿ ಅಂತ."

ಅನಿತಾ ಅವನ ಪಕ್ಕ ಕುಳಿತಳು. "ಹಾರಿಸಿ ಆದ್ಮೇಲಾದ್ರೂ ಕಿಟಕಿ ತೆಗಿ, ಪುಣ್ಯಾತ್ಮ. ಎಲ್ಲಿ, ನಂಗೂ ಕೊಡು."

ಅವಳು ರಿಮೋಟಿನ ಸ್ಟಿಕ್ ಒತ್ತಿದ್ದೇ ತಡ, ಹೆಲಿಕಾಪ್ಟರ್ ನೆಗೆದು ಅಟ್ಟದ ತೊಲೆಗೆ ಬಡಿಯಿತು!

"ಮೆಲ್ಲಗೆ ಕಣೇ! ಮೊಳಕಾಲೆತ್ತರಕ್ಕೆ ಎತ್ತು ಸಾಕು. ಎಮ್ಮೆ ಅಟ್ಟಿದಂಗೆ ಅಟ್ತೀಯಲ್ಲ!"

ಅವಳಿಗೆ ನಗು ಬಂತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಕೊನೆಗೊಮ್ಮೆ ಅದು ತೂಗಾಡುತ್ತಾ ಗಾಳಿಯಲ್ಲಿ ನಿಂತಿತು. ಅದರ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು:

"ನನ್ನ ಬೇಡ ಅಂದಿದ್ದು ಯಾಕೆ?"

"ಕುಂಟನ ಸೇವೆ ಮಾಡ್ಕೊಂಡು ನಿನ್ ಬಾಳು ಸವೀಬಾರ್ದು ಅಂತ..."

"ನನ್ ಬಾಳಿನ ತೀರ್ಮಾನ ಮಾಡಕ್ಕೆ ನೀನ್ಯಾರು? ಒಂದ್ ಮಾತು ನನ್ನ ಕೇಳಿದ್ಯಾ?"

ಅವಳ ಕಣ್ಣು ಮಂಜಾಯಿತು. ಹೆಲಿಕಾಪ್ಟರ್ ದೊಪ್ಪನೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

'ಹೌದು... ಇವಳನ್ನು ಕೇಳಲೇ ಇಲ್ಲವಲ್ಲ!' ಕಲ್ಲೇಶ್ ಅವಳ ಕಡೆ ತಿರುಗಿದ.

"ತಪ್ಪಾಯ್ತು. ಈಗ ಕೇಳ್ತೀನಿ... ನನ್ ಜೊತೆ ಬಾಳ್ತೀಯಾ?"

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಹೂಂ. ಅಪ್ಪನ್ನ ಕೇಳೋದು ನಿನ್ ಕೆಲಸ. ನಾಳೆ ದಬ್ಬೇಘಟ್ಟದವರು ಬರೋದ್ರೊಳಗೆ."

"ಇವತ್ತೇ ಬತ್ತೀನಿ. ಬೀದಿ ದಾಟಕ್ಕೇ ಹೊತ್ತಾಗುತ್ತೆ ಕಣೇ ನಂಗೆ..."

"ಆಗ್ಲಿ ಬುಡು. ಬಾಗಿಲಲ್ಲೇ ನಿಂತಿರ್ತೀನಿ."